ಟಾಕೀಸಿನ ಬಾಗಿಲಿಗೆ ಕಟ್ಟಿದ ತೋರಣ

ಆ ಸಿನಿಮಾವನ್ನು ಕಾರವಾರದ ಟಾಕೀಸಿನಿಂದ ಎತ್ತಿದರು ಅಂತ ನಿನ್ನೆ ಮೊಮ್ಮಗಳು ಹೇಳಿದಳು. ಹಾಗಾದರೆ ಇನ್ನು ನಾನು ಬಾಯಿ ಬಿಡಬಹುದು. ಇಷ್ಟು ದಿವಸ ಬಾಯಿ ಮುಚ್ಚಿಕೊಂಡು ಇರುವುದು ಎಷ್ಟು ಕಷ್ಟ ಆಯಿತು ಅಂತ ನನಗೆ ಗೊತ್ತು, ದೇವರಿಗೆ ಗೊತ್ತು. ಬಾವಿಕಟ್ಟೆಯಲ್ಲಿ ಕೇಳಿದರು. ಮೀನು ಮಾರುವವಳು ತಲೆಯ ಮೇಲಿನ ಬುಟ್ಟಿ ಇಳಿಸುವ ಮೊದಲೇ ಕೇಳಿದಳು. ಸೊಸೈಟಿಯಲ್ಲಿ ಅಕ್ಕಿ ತೂಗುವವನೂ ಕೇಳಿದ. ನಾನು ಹೇಳಲಿಲ್ಲ. ಈಗ ಬರೆಯುತ್ತೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಅಕ್ಷರ ದೊಡ್ಡ ದೊಡ್ಡದಾಗಿ ಬರುತ್ತದೆ, ಸಾಲು ಏರುತ್ತದೆ, ಇಳಿಯುತ್ತದೆ. ಇಳಿಯಲಿ ಬಿಡಿ. ಇಷ್ಟು ಸಂತೋಷ ಹೊಟ್ಟೆಯಲ್ಲಿ ಇಟ್ಟುಕೊಂಡವರಿಗೆ ಸಾಲು ನೆಟ್ಟಗೆ ಬರುವುದು ಹೇಗೆ?

ನಾವು ಅವರ್ಸಾದವರು. ಸ್ವಲ್ಪ ಗದ್ದೆ ಇದೆ, ಹಿತ್ತಲಲ್ಲಿ ಅಬ್ಬಲಿಗೆ ಗಿಡಗಳಿವೆ. ಊರಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಹೂವಿನ ಹಾರ ಕಟ್ಟುವುದಕ್ಕೆ ನನ್ನನ್ನು ಕರೆಯುತ್ತಾರೆ. ನನ್ನ ಮಗನ ಮಗಳು ಕಾರವಾರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಈ ಕತೆ ಅವಳದ್ದು.

ಕಡಲಿನ ಕತೆಯ ಒಂದು ಸಿನಿಮಾ ಬಂದಿತ್ತಲ್ಲ, ಒಂದಾದ ಮೇಲೆ ಒಂದು ಭಾಗ ಅಂತ ಮಾಡಿಕೊಂಡೇ ಬಂದರಲ್ಲ, ಅದರ ಹುಚ್ಚು ಇವಳಿಗೆ. ಬೋಟಿನಲ್ಲಿ ಕೂಲಿ ಮಾಡುವ ಒಬ್ಬ ಹುಡುಗ, ಅವನಿಗೆ ಬಂದರಿನ ದೊಡ್ಡವರ ಜೊತೆ ಜಗಳ. ಅಷ್ಟೇ ನನಗೆ ಗೊತ್ತಿದ್ದದ್ದು. ಇವಳು ಮಾತ್ರ ಅನ್ನ ಉಣ್ಣುವಾಗಲೂ ಅವನ ಮಾತನ್ನೇ ಆಡುವವಳು. ನಾಲ್ಕನೇ ಭಾಗ ಬರುತ್ತದೆ ಅಂತ ಆದಮೇಲಂತೂ ಕೇಳುವುದೇ ಬೇಡ.

ಕಾರವಾರದಲ್ಲಿ ಈ ಸಿನಿಮಾದ್ದೇ ಒಂದು ಅಭಿಮಾನಿ ಸಂಘ. ಮೊದಲ ದಿವಸ, ಮೊದಲ ಆಟಕ್ಕೆ ಡೋಲು ಬಾರಿಸುವುದು, ಕಟೌಟು ನಿಲ್ಲಿಸುವುದು, ತೆಂಗಿನಕಾಯಿ ಒಡೆಯುವುದು, ಎಲ್ಲ ಅವರದ್ದೇ. ಅದರ ಅಧ್ಯಕ್ಷ ಬೈತಖೋಲ ಬಂದರಿನ ಹತ್ತಿರ ಬರ್ಫದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗ. ಮೀನಿನ ಪೆಟ್ಟಿಗೆಗೆ ಬರ್ಫ ಒಡೆದು ತುಂಬಿ ತುಂಬಿ ಅವನ ಕೈ ಯಾವಾಗಲೂ ಥಂಡಿ. ಮೊಮ್ಮಗಳು ಧೈರ್ಯ ಮಾಡಿ ಅವನ ಹತ್ತಿರ ಹೋಗಿ, ನನ್ನನ್ನೂ ಸೇರಿಸಿಕೊಳ್ಳಿ ಅಂದಿದ್ದಾಳೆ.

"ಒಂದನೇ ಭಾಗ ಎಲ್ಲಿ ನೋಡ್ದೆ?" ಅಂತ ಕೇಳಿದನಂತೆ.

"ಮೊಬೈಲಿನಲ್ಲಿ."

"ಎರಡನೇದು?"

"ಅದೂ ಮೊಬೈಲಿನಲ್ಲೇ. ಆಗ ನಾನು ಸಣ್ಣವಳು. ಯಾರೂ ಕರ್ಕೊಂಡು ಹೋಗ್ಲಿಲ್ಲ."

ಸುತ್ತ ಇದ್ದ ಹುಡುಗರೆಲ್ಲ ನಕ್ಕರಂತೆ. ಒಬ್ಬ, "ಕಡಲನ್ನು ಅಂಗೈಯಲ್ಲಿ ನೋಡಿದವಳು ಬಂದ್ಲು ನೋಡ್ರಾ" ಅಂದನಂತೆ. ಅಧ್ಯಕ್ಷ ನಗಲಿಲ್ಲ. ಅವನು ಹೇಳಿದ್ದು ಬೇರೆ. "ತಂಗಿ, ಒಂದನೇ ಭಾಗ ಬಂದಾಗ ಟಾಕೀಸು ಖಾಲಿ ಖಾಲಿ. ನಾವು ಐದಾರು ಜನ ಕೂತಿರ್ತಿದ್ವಿ. ನಿಮಗೋಸ್ಕರ ಎಂತಕೆ ಓಡಿಸೂದು ಅಂತ ಟಿಕೆಟ್ಟಿನವ ಬೈತಿದ್ದ. ಆಗ ಬಂದವರು ಫ್ಯಾನು. ಹೆಸರು ಬಂದ ಮೇಲೆ ಎಲ್ಲರೂ ಬರ್ತಾರೆ."

ಆ ದಿವಸ ಇವಳು ಮನೆಗೆ ಬಂದವಳು ಸಿಗಡಿ ಸಾರು ಬಡಿಸಿದರೂ ತಟ್ಟೆ ಮುಟ್ಟಲಿಲ್ಲ. ಕೇಳಿದ ಮೇಲೆ ಅಳುತ್ತ ಎಲ್ಲ ಹೇಳಿದಳು. ಅವಳ ಅಮ್ಮ, "ಒಂದು ಸಿನಿಮಾಕ್ಕೆ ಇಷ್ಟೆಲ್ಲ ಅಳೂದಾ ಮಾರಾಯ್ತಿ?" ಅಂದಳು. ಸಿನಿಮಾಕ್ಕೆ ಅಲ್ಲ ಅಂತ ನನಗೆ ಗೊತ್ತಾಯಿತು. ಕಾಲೇಜಿನಲ್ಲಿ ಇವಳನ್ನು ಯಾರೂ ಯಾವುದಕ್ಕೂ ಕರೆಯುವುದಿಲ್ಲ. ನಾಟಕ ಇರಲಿ, ಆಟ ಇರಲಿ, "ನಿನಗೆ ಬಸ್ಸು ತಪ್ತದೆ, ನೀ ಹೋಗು" ಅನ್ನುತ್ತಾರಂತೆ. ಇದೊಂದಾದರೂ ತನ್ನದು ಅಂದುಕೊಂಡಿದ್ದಳು. ಅದೂ ಅಲ್ಲ ಅಂತ ಹೇಳಿಬಿಟ್ಟರು.

ಆದರೆ ನನ್ನ ಮೊಮ್ಮಗಳು ಸುಮ್ಮನೆ ಇರುವವಳಲ್ಲ. ಮಾರನೇ ದಿವಸ ಮತ್ತೆ ಹೋಗಿ, "ನಮ್ಮಜ್ಜಿ ಕಟ್ಟಿದ ಮಾಲೆ ಕಟೌಟಿಗೆ ಹಾಕಿದ್ರೆ ಇಡೀ ಕಾರವಾರ ನಿಂತು ನೋಡ್ತದೆ. ನಾ ತರ್ತೆ, ನೀವು ಯಾರೂ ಅಂಥದ್ದು ಕಂಡಿರೂದಿಲ್ಲ" ಅಂತ ಹೇಳಿಬಂದಳು. ಅಧ್ಯಕ್ಷ ಒಪ್ಪಿದ. "ತಾ. ನೀನೇ ಏಣಿ ಹತ್ತಿ ಹಾಕು. ಅಂಥಾ ಮಾಲೆ ಅವನ ಕುತ್ತಿಗೆಗೆ ಬಿದ್ರೆ ನೀನೂ ನಮ್ಮವಳೇ."

ಆಯಿತಲ್ಲ. ಸಿನಿಮಾ ಬರುವ ಹಿಂದಿನ ದಿವಸ ಅಂಕೋಲೆಯ ಪೇಟೆಗೆ ಹೋಗಿ ಗೊಂಡೆ ಹೂ ತಂದೆವು. ಹಿತ್ತಲ ಅಬ್ಬಲಿಗೆ ಒಂದೂ ಬಿಡದೆ ಕೊಯ್ದೆವು. ಬಾಳೆ ನಾರು ನೆನೆಸಿ, ಮಧ್ಯಾಹ್ನ ಊಟ ಆದಮೇಲೆ ಜಗಲಿಯಲ್ಲಿ ಕೂತೆವು. ನಾನು ಕಟ್ಟುವುದು, ಅವಳು ಹೂ ಜೋಡಿಸಿ ಕೊಡುವುದು. ಕೊಡುತ್ತ ಕೊಡುತ್ತ ಕತೆ ಹೇಳಿದಳು. ಒಂದನೇ ಭಾಗ ಮುಗಿಸಿದಳು, ಎರಡನೇದು ಮುಗಿಸಿದಳು. ಮೂರನೇದರಲ್ಲಿ ಬಿರುಗಾಳಿ ಬಂತು, ಹಡಗು ಅಲ್ಲಾಡಿತು, ವೈರಿಯ ಮಕ್ಕಳು ಅದರಲ್ಲಿ ಸಿಕ್ಕಿಬಿದ್ದಿದ್ದಾರೆ.

"ಆಮೇಲೆ?" ಅಂದೆ ನಾನು.

"ಮಕ್ಕಳನ್ನು ಉಳಿಸ್ತಾನೆ."

"ಆಮೇಲೆ?"

"ಆಮೇಲೆ ನಾಳೆ ನೀನೇ ನೋಡು ಅಜ್ಜಿ. ನಾರು ಒಣಗ್ತದೆ, ಕಟ್ಟು."

ಅವಳ ಮುಖ ನಾನು ನೋಡಬೇಕಿತ್ತು. ನೋಡಲಿಲ್ಲ, ಕಣ್ಣು ಹೂವಿನ ಮೇಲಿತ್ತು. ಮದುಮಗನ ಹಾರಕ್ಕೆ ಹಾಕುವ ಗಂಟನ್ನೇ ಹಾಕಿ ಕಟ್ಟಿದೆ. ಕಟ್ಟಿ ಮುಗಿದಾಗ ಜಗಲಿಯ ಈ ತುದಿಯಿಂದ ಆ ತುದಿಗೆ ಬಂತು. ಸೊಸೆ ಬಂದು ನೋಡಿ, ಬೈಯಲಿಕ್ಕೆ ಬಂದವಳು ಬೈಯದೆ ಒಳಗೆ ಹೋದಳು.

ಬೆಳಿಗ್ಗೆ ಮಾಲೆಯನ್ನು ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ಒದ್ದೆ ಬಟ್ಟೆ ಹಾಕಿ, ದೊಡ್ಡ ಬುಟ್ಟಿಯಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆವು. ಕಂಡಕ್ಟರ್, "ಅಜ್ಜಿ, ಯಾರ ಮದುವೆ?" ಅಂದ. ಆ ಮಾತು ಕೇಳಿ ನನಗೆ ಒಂದು ಹಳೇ ಸಂಗತಿ ನೆನಪಾಯಿತು. ಆದರೆ ಬಸ್ಸಿನಲ್ಲಿ ನಿಲ್ಲುವುದಕ್ಕೂ ಜಾಗ ಇರಲಿಲ್ಲ, ಬುಟ್ಟಿ ಕಾಯುವುದರಲ್ಲೇ ಬಿಣಗಾ ದಾಟಿತು, ಕಾರವಾರ ಬಂತು.

ಟಾಕೀಸಿನ ಮುಂದೆ ಕಾಲಿಡಲಿಕ್ಕೆ ಜಾಗ ಇಲ್ಲ. ಡೋಲು, ತಾಸೆ, ಸೀಟಿ. ಸಂಘದ ಹುಡುಗರು ಮಾಲೆ ಬಿಚ್ಚಿ ನೋಡಿ ಬಾಯಿ ತೆರೆದು ನಿಂತರು. ಅಂಗೈಯಲ್ಲಿ ಕಡಲು ನೋಡಿದವಳು ಅಂತ ಹೇಳಿದವನೇ, "ಅಜ್ಜಿ, ಇದು ನೀವೊಬ್ರೇ ಕಟ್ಟಿದ್ದಾ?" ಅಂತ ಕೇಳಿದ. ನನಗೆ ಹೇಳಲಾರದಷ್ಟು ಹೆಮ್ಮೆ. ಮೊಮ್ಮಗಳು ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು, ಮಾಲೆಯ ನಡುಭಾಗ ಹೆಗಲಿಗೆ ಹಾಕಿಕೊಂಡು ಏಣಿ ಹತ್ತತೊಡಗಿದಳು. ಅಧ್ಯಕ್ಷನೇ ಏಣಿ ಹಿಡಿದಿದ್ದ.

ಆಗ ನಾನು ತಲೆ ಎತ್ತಿ ಕಟೌಟು ನೋಡಿದೆ. ಎದೆಯವರೆಗೆ ಕಡಲ ತೆರೆ. ಕೂದಲು ಒದ್ದೆ. ಕಣ್ಣು ಮುಚ್ಚಿದೆ.

ಪಕ್ಕದಲ್ಲಿ ನಿಂತ ಹುಡುಗನಿಗೆ ಕೇಳಿದೆ, "ತಮ್ಮಾ, ಇವ ಎಂತಕೆ ಕಣ್ಣು ಮುಚ್ಚಿದ್ದಾನೆ?"

"ಮೂರನೇ ಭಾಗ ನೋಡ್ಲಿಲ್ವಾ ಅಜ್ಜಿ? ಮಕ್ಕಳನ್ನು ದೋಣಿಗೆ ಹತ್ತಿಸಿ ಇವ ಕಡಲಿಗೆ ಬಿದ್ದ. ಮತ್ತೆ ಸಿಗಲೇ ಇಲ್ಲ. ಇದ್ದಾನೋ ಹೋದ್ನೋ, ಇವತ್ತು ಗೊತ್ತಾಗೂದು."

"ಮಗಾ, ನಿಲ್ಲು!" ಅಂತ ಕೂಗಿಬಿಟ್ಟೆ. ನನ್ನ ಗಂಟಲು ಗದ್ದೆಯ ಆಚೆ ದನ ಕರೆದು ಕರೆದು ಬೆಳೆದದ್ದು. ಡೋಲು ನಿಂತಿತು.

ಯಾಕೆ ಕೂಗಿದೆ ಅಂತ ಹೇಳುತ್ತೇನೆ. ನನ್ನ ಅಣ್ಣ ಮಳೆಗಾಲ ಕಳೆದ ಮೇಲೆ ಬೇಲೆಕೇರಿಯಿಂದ ಬೋಟಿಗೆ ಹೋಗುತ್ತಿದ್ದ. ಒಂದು ಸಲ ಗಾಳಿ ಎದ್ದು ಬೋಟು ತಿರುಗಿ ಬರಲಿಲ್ಲ. ದಿವಸ ಕಳೆಯಿತು. ನೆಂಟರು ಸೇರಿದರು. ಇನ್ನು ಆಸೆ ಇಟ್ಟುಕೊಳ್ಳಬೇಡಿ, ಪಟಕ್ಕೆ ಮಾಲೆ ಹಾಕಿ ದೀಪ ಹಚ್ಚಿ ಅಂದರು. ನಮ್ಮ ಅವ್ವ ಪಟವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಳು. "ಕಡಲಿಗೆ ಹೋದವನ ಪಟಕ್ಕೆ ಮಾಲೆ ಹಾಕಿದ್ರೆ, ಇವನನ್ನು ನೀನೇ ಇಟ್ಕೋ ಅಂತ ಕಡಲಿಗೆ ಹೇಳಿದ ಹಾಗೆ. ನಾ ಹೇಳೂದಿಲ್ಲ" ಅಂದಳು. ಮಾಲೆಗೆ ತಂದ ಹೂವನ್ನು ಮಾವಿನ ಸೊಪ್ಪಿನ ಜೊತೆ ಸೇರಿಸಿ ಬಾಗಿಲಿಗೆ ತೋರಣ ಕಟ್ಟಿದಳು. ಬಾಡಿದರೆ ಮತ್ತೆ ಕಟ್ಟುವಳು. ಊರವರು ಅವಳಿಗೆ ತಲೆ ಕೆಟ್ಟಿತು ಅಂದರು. ರತ್ನಾಗಿರಿಯ ಬೋಟಿನವರು ನಡುನೀರಿನಲ್ಲಿ ಎತ್ತಿಕೊಂಡಿದ್ದ ಅಣ್ಣ ಒಂದು ಸಂಜೆ ನಡೆದುಕೊಂಡು ಬಂದ. ಬಾಗಿಲಲ್ಲಿ ನಿಂತು, ತೋರಣ ನೋಡಿ, "ಅವ್ವಾ, ಮನೆಯಲ್ಲಿ ಯಾರ ಮದುವೆ?" ಅಂದ.

ಅಂಥ ಮನೆಯಲ್ಲಿ ಹುಟ್ಟಿದವಳು ನಾನು. ಸಿನಿಮಾ ಸುಳ್ಳು ಅಂತ ನನಗೆ ಗೊತ್ತಿಲ್ಲವಾ? ಗೊತ್ತು. ಆದರೆ ಹೂ ಸುಳ್ಳಲ್ಲ. ನನ್ನ ಕೈಯಿಂದ ಕಟ್ಟಿದ ಹೂ ಅದು.

"ಅಜ್ಜಿ, ಈಗ ಬೇಡ," ಮೊಮ್ಮಗಳು ಏಣಿಯ ಮೇಲಿಂದಲೇ ಹೇಳಿದಳು. ಧ್ವನಿ ಅಳುವ ಹಾಗೆ ಇತ್ತು. ನನಗೆ ಆಗ ತಿಳಿಯಿತು. ದೊಡ್ಡಜ್ಜನ, ಅಂದರೆ ನನ್ನ ಅಣ್ಣನ, ಕತೆ ಇವಳು ನನ್ನ ಬಾಯಿಂದ ಕೇಳಿಯೇ ಬೆಳೆದವಳು. ಗೊತ್ತಿದ್ದೇ ಹಿಂದಿನ ದಿವಸ ಕತೆ ನಿಲ್ಲಿಸಿದ್ದಳು.

ಅಧ್ಯಕ್ಷ ಕೇಳಿದ, "ಎಂತಾ ಆಯ್ತು ಅಜ್ಜಿ?"

ಹೇಳಿದೆ. ಅಣ್ಣನದ್ದು, ಅವ್ವನದ್ದು, ಎಲ್ಲ ಹೇಳಿದೆ. ಕೆಲವರು ನಕ್ಕರು. "ಅಜ್ಜಿ, ಅವ ಆ್ಯಕ್ಟರ್. ಬೆಂಗಳೂರಲ್ಲಿ ಆರಾಮ ಇದ್ದಾನೆ" ಅಂತ ಒಬ್ಬ ಹಿಂದಿನಿಂದ ಕೂಗಿದ. ಇನ್ನೊಬ್ಬ, "ಒಂದು ಭಾಗವೂ ನೋಡದವರ ಮಾತು ಕೇಳ್ತಾ ಕೂತ್ರೆ ಆಟ ಶುರುವಾಗ್ತದೆ!" ಅಂದ. ಅಧ್ಯಕ್ಷ ನಗಲಿಲ್ಲ. ಆದರೂ ಹೇಳಿದ, "ಅಜ್ಜಿ, ನಾವು ಅವನಿಗೆ ಕೆಟ್ಟದು ಬಯಸ್ತೇವಾ? ಎಲ್ಲ ಭಾಗಕ್ಕೂ ಮಾಲೆ ಹಾಕಿಯೇ ಒಳಗೆ ಹೋಗೂದು ನಮ್ಮ ಪದ್ಧತಿ. ಒಂದನೇ ಭಾಗಕ್ಕೆ ನಾವೇ ದುಡ್ಡು ಹಾಕಿ ಹಾಕಿದ್ವಿ. ಅದು ತಪ್ಪೂದು ಬೇಡ." ಮೇಲೆ ನೋಡಿ, "ತಂಗಿ, ಹಾಕ್ತಿಯೋ ಇಲ್ವೋ? ಹಾಕದಿದ್ರೆ ಇಳಿ. ಬೇರೆ ಮಾಲೆ ತರಿಸ್ತೇವೆ. ಆದ್ರೆ ನಮ್ಮ ಮಾತು ಅಲ್ಲಿಗೇ ಮುಗೀತು" ಅಂದ.

ನಾನು ಮೊಮ್ಮಗಳಿಗೆ ಹೇಳಿದೆ, "ನೀ ಹಾಕೂದಾದ್ರೆ ಹಾಕು ಮಗಾ. ನಾ ಆ ಕಡೆ ತಿರುಗಿ ನಿಲ್ತೆ. ಮನೆಗೆ ಹೋಗಿ ಒಂದು ಮಾತೂ ಆಡೂದಿಲ್ಲ."

ತಿರುಗಿಯೇ ನಿಂತೆ. ಎದುರಿಗೆ ರಸ್ತೆ, ಆಟೋಗಳು, ಸೋಡಾ ಅಂಗಡಿ. ಬೆನ್ನ ಹಿಂದೆ ಇಷ್ಟು ಜನ ಇದ್ದರೂ ಒಂದು ಶಬ್ದ ಇಲ್ಲ. ಕಿವಿಯೆಲ್ಲ ಏಣಿಯ ಕಡೆಗೆ. ಹೇಳಬಾರದಿತ್ತೇನೋ ಅಂತ ಅನ್ನಿಸಿತು. ಹುಡುಗಿ ಎಷ್ಟು ಆಸೆಪಟ್ಟಿದ್ದಳು! ಏಣಿ ಕಿರ್ ಅಂದಿತು. ಮೇಲೆ ಹೋಗುವ ಕಿರ್ರೋ ಕೆಳಗೆ ಬರುವ ಕಿರ್ರೋ ತಿಳಿಯಲಿಲ್ಲ.

ಒಂದು ಒದ್ದೆ ಹೂವಿನ ರಾಶಿ ನನ್ನ ಹೆಗಲಿಗೆ ಬಿತ್ತು. "ಎಲ್ಲಿ ಕಟ್ಟೂದು, ಹೇಳು," ಅಂದಳು. ಕಣ್ಣಲ್ಲಿ ನೀರು, ಮೂಗಿನ ತುದಿ ಕೆಂಪು, ಸಿಟ್ಟು ಬೇರೆ.

ಟಾಕೀಸಿನ ಬಾಗಿಲಿಗೆ ಕಟ್ಟಿದೆವು. ಗೇಟಿನವನು ಮೊದಲು ಬೇಡ ಅಂದ, ಹೂ ನೋಡಿ ಸುಮ್ಮನಾದ. ಎದುರಿನ ಸೋಡಾ ಅಂಗಡಿಯವನ ಹಿತ್ತಲಿಂದ ಮಾವಿನ ಸೊಪ್ಪು ಬೇಡಿ ತಂದು ನಡುನಡುವೆ ಸಿಕ್ಕಿಸಿದೆ. ಒಳಗೆ ಹೋಗುವವರು ತಲೆ ತಗ್ಗಿಸಿ ಹೋಗುತ್ತ, "ಎಂತದು, ಟಾಕೀಸಿನ ಗೃಹಪ್ರವೇಶವಾ?" ಅಂತ ಕೇಳಿ ನಕ್ಕರು. ಬೇರೆ ಮಾಲೆ ತರಲಿಕ್ಕೆ ಹೋದವನು ಬರುವುದರೊಳಗೆ ಆಟದ ಗಂಟೆ ಹೊಡೆಯಿತು. ಕಟೌಟು ಬರಿ ಕುತ್ತಿಗೆಯಲ್ಲೇ ನಿಂತಿತು. ಅಧ್ಯಕ್ಷ ನಮ್ಮ ಕಡೆ ನೋಡದೆ ಒಳಗೆ ಹೋದ.

ಸಂಘದವರು ನಡುವೆ ಕೂತರು. ನಾವು ಬದಿಗೆ, ಗೋಡೆಯ ಹತ್ತಿರ. ಮೊಮ್ಮಗಳು ಮುಖ ಆ ಕಡೆ ತಿರುಗಿಸಿ ಕೂತಳು. ಕಡಲೆ ಬೇಕಾ ಅಂದೆ, ತಲೆ ಅಲ್ಲಾಡಿಸಿದಳು. ದೀಪ ಆರಿತು.

ಏನು ಹೇಳಲಿ, ಅರ್ಧ ಸಿನಿಮಾ ಮುಗಿಯುತ್ತ ಬಂದರೂ ಅವನಿಲ್ಲ. ಅವನ ತಂಗಿ ಅಳುತ್ತಾಳೆ, ಬಂದರಿನ ದೊಡ್ಡವರು ಕುಣಿಯುತ್ತಾರೆ, ಅವನ ಮುರುಕು ದೋಣಿ ದಡದಲ್ಲಿ ಬಿದ್ದಿದೆ. ಮೊದಲು ಸೀಟಿ ಹೊಡೆಯುತ್ತಿದ್ದವರು ಹೊಡೆಯುವುದನ್ನು ನಿಲ್ಲಿಸಿದರು. ಎದುರಿನ ಸಾಲಿನವ ಉಗುರು ಕಚ್ಚುತ್ತಿದ್ದ. ಆಮೇಲೆ ಆ ತಂಗಿ ಗೋಡೆಯ ಮೇಲಿನ ಅಣ್ಣನ ಪಟ ಇಳಿಸಿ ಒರೆಸಿದಳು. ಒಂದು ಮಾಲೆ ತೆಗೆದುಕೊಂಡಳು.

ನನಗೆ ತಡೆಯಲಿಕ್ಕಾಗಲಿಲ್ಲ. "ಹಾಕಬೇಡ್ವೇ!" ಅಂದೆ. ಮೆಲ್ಲಗೆ ಅಂದದ್ದು ಅಂತ ನಾನು ತಿಳಿದಿದ್ದೆ. ಇಡೀ ಟಾಕೀಸಿಗೆ ಕೇಳಿತು.

ಯಾರಾದರೂ ನಗಬೇಕಿತ್ತು. ನಗಲಿಲ್ಲ. ಆ ಕತ್ತಲಲ್ಲಿ ಎಲ್ಲಿಂದಲೋ ಇನ್ನೊಂದು ಧ್ವನಿ, "ಹಾಕಬೇಡ!" ಅಂದಿತು. ಮತ್ತೊಂದು ಕಡೆಯಿಂದ, "ಹಾಕಬೇಡ!" ಪರದೆಯ ಮೇಲಿನ ಹುಡುಗಿ ನಮ್ಮ ಮಾತು ಕೇಳುತ್ತಾಳಾ? ಹಾಕಿದಳು. ಅಲ್ಲಿಗೇ ಅರ್ಧ ಆಟ ಮುಗಿದು ದೀಪ ಬಂತು. ಯಾರೂ ಚಹಾಕ್ಕೆ ಏಳಲಿಲ್ಲ. ನನ್ನ ಕೈಯೊಳಗೆ ಒಂದು ಕೈ ಬಂತು. ಮೊಮ್ಮಗಳದ್ದು. ಬೆವರಿತ್ತು.

ಅಧ್ಯಕ್ಷ ಸಾಲು ದಾಟಿ ನಮ್ಮ ಹತ್ತಿರ ಬಂದ. ಮುಖ ಸಣ್ಣದಾಗಿತ್ತು. ನನ್ನ ಪಕ್ಕದ ಖುರ್ಚಿಯ ತುದಿಯಲ್ಲಿ ಕೂತು, ಕೆಳಗೆ ನೋಡುತ್ತ ಕೇಳಿದ, "ಅಜ್ಜಿ, ನಿಮ್ಮ ಅಣ್ಣ... ಖರೇ ಬಂದಿದ್ನಾ?"

"ಬಂದ ತಮ್ಮಾ. ಬಂದವನೇ ಗಂಜಿ ಕೇಳ್ದ. ಉಪ್ಪಿನಕಾಯಿ ಇಲ್ಲ ಹೇಳಿ ಜಗಳವೂ ಮಾಡ್ದ."

"ಹಾಗಾದ್ರೆ ಇವ?"

ನನಗೇನು ಗೊತ್ತು? ಆದರೆ ಆ ಹುಡುಗನ ಮುಖ ನೋಡಿದರೆ, ಎಲ್ಲರೂ ಬಿಟ್ಟಾಗ ಆ ಖಾಲಿ ಟಾಕೀಸಿನಲ್ಲಿ ಕೂತಿದ್ದ ಹುಡುಗ ಇವನೇ ಅಂತ ಕಂಡಿತು. ಮೊಮ್ಮಗಳು ನನಗಿಂತ ಮೊದಲು ಹೇಳಿದಳು, "ಬಾಗಿಲಿಗೆ ತೋರಣ ಉಂಟಲ್ಲ. ಬರ್ತಾನೆ." ಅವನು ಅವಳನ್ನು ನೋಡಿದ. ಎದ್ದುಹೋಗಲಿಲ್ಲ. ದೀಪ ಆರಿದರೂ ಅಲ್ಲೇ ಕೂತ.

ಮತ್ತೆ ಶುರುವಾಯಿತು. ದಡ, ಬೆಳಗಿನ ಹೊತ್ತು, ಯಾರೂ ಇಲ್ಲ. ದೂರದಲ್ಲಿ ಒಂದು ದೋಣಿ. ದೋಣಿಯಿಂದ ಒಂದು ಕಾಲು ನೀರಿಗೆ ಇಳಿಯಿತು. ಬರೇ ಕಾಲು. ಮೊಮ್ಮಗಳ ಉಗುರು ನನ್ನ ಅಂಗೈಗೆ ಚುಚ್ಚಿತು. ಇನ್ನೊಂದು ಕಾಲು ಇಳಿಯಿತು.

ಅಷ್ಟೇ ನಾನು ನೋಡಿದ್ದು! ಇಡೀ ಟಾಕೀಸು ಎದ್ದು ನಿಂತಿತು. ನಾನು ಗಿಡ್ಡ ಹೆಂಗಸು, ಎದುರಿಗೆ ಬೆನ್ನುಗಳ ಗೋಡೆ. ಚಾವಣಿ ಹಾರುವ ಹಾಗೆ ಕೂಗು. ಅಧ್ಯಕ್ಷ, "ಕೂತ್ಕೊಳ್ರೋ, ಅಜ್ಜಿಗೆ ಕಾಣೂದಿಲ್ಲ!" ಅಂತ ಬೊಬ್ಬೆ ಹಾಕುತ್ತ ತಾನೇ ಖುರ್ಚಿಯ ಮೇಲೆ ಹತ್ತಿ ನಿಂತಿದ್ದ. ಅವನ ಪಕ್ಕದ ಖುರ್ಚಿಯ ಮೇಲೆ ನನ್ನ ಮೊಮ್ಮಗಳು. ಎರಡು ಬೆರಳು ಬಾಯಿಗಿಟ್ಟು ಅವಳು ಹೊಡೆದ ಸೀಟಿ, ಅಬ್ಬಾ, ಅದನ್ನು ಎಲ್ಲಿ ಕಲಿತಳೋ! ಅವಳ ಅಮ್ಮನಿಗೆ ಇದುವರೆಗೂ ಹೇಳಿಲ್ಲ. ಅವನು ಬಂದ ಮುಖ ನಾನು ನೋಡಲಿಲ್ಲ. ಇವಳ ಮುಖ ನೋಡಿದೆ. ಅಷ್ಟು ಸಾಕಾಯಿತು.

ಆಟ ಮುಗಿದು ಹೊರಗೆ ಬಂದಾಗ ಎರಡನೇ ಆಟದವರು ರಸ್ತೆಯವರೆಗೆ ನಿಂತಿದ್ದರು. ನಾನು ಸಂತೋಷದಲ್ಲಿ ಸೀದಾ ಬಾಗಿಲಿಗೆ ಹೋಗಿ ತೋರಣದ ಗಂಟಿಗೆ ಕೈ ಹಾಕಿದೆ. "ಬಂದನಲ್ಲ! ಇನ್ನು ಚಿಂತೆ ಇಲ್ಲ. ಈಗ ಹಾಕೂವ ಅವನ ಕುತ್ತಿಗೆಗೆ," ಅಂತ ಹೇಳುವುದರಲ್ಲಿದ್ದೆ. "ಬಂ" ಅನ್ನುವುದರೊಳಗೆ ಎರಡು ಕೈ ನನ್ನ ಬಾಯಿಗೆ ಬಂದವು. ಒಂದು ಬೆಚ್ಚಗಿನದು, ಮೊಮ್ಮಗಳದ್ದು. ಇನ್ನೊಂದು ಥಂಡಿ.

"ಅಜ್ಜಿ!" ಅಧ್ಯಕ್ಷ ಕಿವಿಯಲ್ಲಿ ಹೇಳಿದ. "ಇವರು ಯಾರೂ ನೋಡಲಿಲ್ಲ. ಈಗ ಮಾಲೆ ಹಾಕಿದ್ರೆ ಎಲ್ಲ ಗೊತ್ತಾಗಿಹೋಗ್ತದೆ. ಕತೆ ಹೊರಗೆ ಬಿಡೂದಲ್ಲ. ಬಿಟ್ಟವರು ಫ್ಯಾನ್ ಅಲ್ಲ."

"ಮತ್ತೆ ತೋರಣ?"

ಅವನು ಒಂದು ಗಳಿಗೆ ಮೇಲೆ ನೋಡಿದ. ಗೊಂಡೆ ಸ್ವಲ್ಪ ಬಾಡಿತ್ತು. "ಇರಲಿ. ಕಡೇ ಆಟದವರೆಗೂ ಇರಲಿ. ನಾಳೆ ಹೊಸದು ಬೇಕು." ಮೊಮ್ಮಗಳ ಕಡೆ ತಿರುಗಿ, "ತರ್ತಿಯಲ್ಲ? ಸಿನಿಮಾ ಎತ್ತೂ ದಿವಸ ನೀನೇ ಹತ್ತಿ ಅವನ ಕುತ್ತಿಗೆಗೆ ಹಾಕು," ಅಂದ.

"ಮೊಬೈಲಿನಲ್ಲಿ ನೋಡಿದವಳು ನಾನು," ಅಂದಳು ಇವಳು. ಬಿಡುವವಳಲ್ಲ.

ಅವನು ಗೋಡೆಗೆ ಒರಗಿಸಿದ್ದ ಏಣಿಯ ಒಂದು ಕಡೆ ಎತ್ತಿದ. "ಆ ಕಡೆ ಹಿಡಿ ಮಾರಾಯ್ತಿ. ಒಳಗೆ ಇಡಬೇಕು, ಜನ ಎಡವ್ತಾರೆ." ಇವಳು ಹಿಡಿದಳು. ಇಬ್ಬರೂ ಏಣಿ ಹೊತ್ತು ಜನರ ನಡುವೆ, "ಬದಿಗೆ, ಬದಿಗೆ" ಅಂತ ಕೂಗುತ್ತ ಹೋದರು.

ಬಸ್ಸಿನಲ್ಲಿ ಅದೇ ಕಂಡಕ್ಟರ್. ನನ್ನ ಖಾಲಿ ಬುಟ್ಟಿ ನೋಡಿ, ಮೊಮ್ಮಗಳ ಒಡೆದ ಗಂಟಲು ಕೇಳಿ, "ಓಹೋ, ಸಿನಿಮಾಕ್ಕೆ ಹೋದದ್ದಾ? ಅಜ್ಜಿ, ಹೇಳಿ ಹೇಳಿ, ಅವ ಇದ್ದಾನಾ?" ಅಂದ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಬಾಯಿಯ ತುದಿಗೆ ಬಂದಿತ್ತು. ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು, ಕತೆ ಬಿಟ್ಟವರು ಫ್ಯಾನ್ ಅಲ್ಲ ಅಂದ ಅಧ್ಯಕ್ಷನ ಹಾಗೆ.

"ಅಂಕೋಲೆಗೆ ಎರಡು ಟಿಕೆಟ್ ಕೊಡು," ಅಂದೆ.

"ಅವರ್ಸಾ ಅಲ್ದಾ ಅಜ್ಜಿ?"

"ಅಲ್ಲ. ಇವತ್ತು ಅಂಕೋಲೆ. ಪೇಟೆ ಮುಚ್ಚೂದ್ರೊಳಗೆ ಗೊಂಡೆ ಹೂ ತಗೋಬೇಕು."